ಓದುಗರ ಪ್ರಶ್ನೆ – ತಜ್ಞರ ಉತ್ತರ: ಊರ ನೀರಿಗೆ ನಮ್ಮದೇ ಮಂಡಳಿ ಬೇಕೆಂದರೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ನೀರು, ಕರೆಂಟಿನಂಥ ಸೇವೆಗೆ ಊರವರೇ ನಡೆಸುವ ಮಂಡಳಿಯನ್ನು ರಾಜ್ಯದ ಕಾನೂನಿನ ಮೂಲಕ ಮಾಡಿಸಿಕೊಳ್ಳಬಹುದೇ ಎಂದು. ಹೋಲುವ ಪತ್ರಗಳನ್ನು ಸೇರಿಸಿ ಐದು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ಹ್ಯೂಸ್ಟನ್ ಹತ್ತಿರ ಇದ್ದಾನೆ. ಅವರ ಬಡಾವಣೆ ನಗರದ ಗಡಿಯಾಚೆ ಇರುವುದರಿಂದ ನೀರು, ಒಳಚರಂಡಿಗೆ ಅವರದೇ ‘ಯುಟಿಲಿಟಿ ಡಿಸ್ಟ್ರಿಕ್ಟ್’ ಇದೆಯಂತೆ. ನಮ್ಮ ಆರು ಹಳ್ಳಿಗಳು ಎರಡು ಗ್ರಾಮ ಪಂಚಾಯಿತಿಗಳಲ್ಲಿ ಹಂಚಿಹೋಗಿವೆ, ಆದರೆ ನೀರಿನ ಮೂಲ ಒಂದೇ. ವಿಧಾನಸಭೆಯಲ್ಲಿ ಕಾಯ್ದೆ ಮಾಡಿಸಿ ನಾವೂ ಅಂಥದೇ ಮಂಡಳಿ ಕಟ್ಟಿಕೊಳ್ಳಬಹುದೇ?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಮೊದಲು ಅಲ್ಲಿಯ ಕಥೆ ಹೇಳುತ್ತೇವೆ. ಟೆಕ್ಸಾಸ್ ರಾಜ್ಯದ ಸಂವಿಧಾನಕ್ಕೆ 1917ರಲ್ಲಿ ಆದ ತಿದ್ದುಪಡಿಯೇ ಈ ಜಲಮಂಡಳಿಗಳಿಗೆ ಬುನಾದಿ. ಮಂಡಳಿ ಹುಟ್ಟುವುದು ಎರಡು ದಾರಿಯಲ್ಲಿ. ಜಮೀನಿನ ಒಟ್ಟು ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವ ಮಾಲೀಕರು ರಾಜ್ಯದ ಪರಿಸರ ಆಯೋಗಕ್ಕೆ ಅರ್ಜಿ ಹಾಕುವುದು ಒಂದು ದಾರಿ. ಆ ಒಂದು ಪ್ರದೇಶಕ್ಕೆಂದೇ ಶಾಸನಸಭೆ ಪ್ರತ್ಯೇಕ ಕಾಯ್ದೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಮಸೂದೆ ಮಂಡನೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕಾಯ್ದೆ ಪಾಸಾದ ಮೇಲೆ ಆ ಗಡಿಯೊಳಗಿನ ಮತದಾರರು ಒಪ್ಪಬೇಕು. ಐದು ಜನ ನಿರ್ದೇಶಕರು ಇರುತ್ತಾರೆ. ಸಾಲಪತ್ರ ಹೊರಡಿಸಿ ಪೈಪು, ಟ್ಯಾಂಕು ಕಟ್ಟುತ್ತಾರೆ, ಆ ಸಾಲವನ್ನು ಮನೆಗಳ ಮೇಲಿನ ತೆರಿಗೆಯಿಂದ ತೀರಿಸುತ್ತಾರೆ. ನಿಮ್ಮ ತಂಗಿಯ ಮಗ ನೀರಿನ ಬಿಲ್ಲಿನ ಜೊತೆಗೆ ಆ ತೆರಿಗೆಯನ್ನೂ ಕಟ್ಟುತ್ತಿರಬೇಕು, ಕೇಳಿ ನೋಡಿ.

ನಮ್ಮಲ್ಲಿಯೂ ಅಧಿಕಾರ ರಾಜ್ಯಕ್ಕಿದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಸ್ಥಳೀಯ ಸಂಸ್ಥೆಗಳು 5ನೇ ನಮೂದು, ನೀರು ಸರಬರಾಜು ಮತ್ತು ನೀರಾವರಿ 17ನೇ ನಮೂದು. ಬೆಂಗಳೂರು ಜಲಮಂಡಳಿ ಹುಟ್ಟಿದ್ದು 1964ರ ಕಾಯ್ದೆಯಿಂದ. ಉಳಿದ ನಗರಗಳಿಗಾಗಿ ಇರುವ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ 1973ರ ಕಾಯ್ದೆ ಆಧಾರ. ಹಾಗಾಗಿ ‘ಮಾಡಬಹುದೇ’ ಎಂಬುದಕ್ಕೆ ಉತ್ತರ ಹೌದು.

ಆದರೆ ಆರು ಹಳ್ಳಿಗಳಿಗೆ ಅದು ಬೇಕೇ? ಬೇಡ ಎಂದೇ ನಮ್ಮ ಅಭಿಪ್ರಾಯ. ಕುಡಿಯುವ ನೀರು ಸಂವಿಧಾನದ 11ನೇ ಅನುಸೂಚಿಯಲ್ಲಿರುವ ಪಂಚಾಯಿತಿ ವಿಷಯ. ಗ್ರಾಮ ಪಂಚಾಯಿತಿಗೆ ನೀರಿನ ದರ ವಿಧಿಸುವ ಅಧಿಕಾರ ಈಗಲೇ ಇದೆ. ಅದರ ಉಪಸಮಿತಿಯಾಗಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ರಚಿಸಬಹುದು. ಜಲಜೀವನ್ ಮಿಷನ್ ಮಾರ್ಗಸೂಚಿಯಂತೆ ಅದರಲ್ಲಿ 10ರಿಂದ 15 ಸದಸ್ಯರು, ಅರ್ಧದಷ್ಟು ಮಹಿಳೆಯರು, ಕಾಲು ಭಾಗ ಚುನಾಯಿತ ಸದಸ್ಯರು, ಉಳಿದ ಕಾಲು ಭಾಗ ದುರ್ಬಲ ವರ್ಗದವರು. ನಿಮಗಿರುವ ನಿಜವಾದ ತೊಡಕು ಎರಡು ಪಂಚಾಯಿತಿಗಳ ನಡುವಿನದು. ಅದಕ್ಕೆ ಎರಡೂ ಪಂಚಾಯಿತಿಗಳು ಒಂದೇ ಒಕ್ಕಣೆಯ ಠರಾವು ಪಾಸು ಮಾಡಿ, ಲಿಖಿತ ಒಪ್ಪಂದ ಮಾಡಿಕೊಂಡು, ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದರೆ ಕೆಲಸ ನಡೆಯುತ್ತದೆ. ಒಪ್ಪಂದದಲ್ಲಿ ನಾಲ್ಕು ಮಾತು ಬಿಟ್ಟುಹೋಗಬಾರದು: ಯಾವ ಹಳ್ಳಿಗೆ ದಿನಕ್ಕೆ ಎಷ್ಟು ಲೀಟರ್, ಕರೆಂಟ್ ಬಿಲ್ಲಿನಲ್ಲಿ ಯಾರ ಪಾಲು ಎಷ್ಟು, ಮೋಟಾರ್ ಸುಟ್ಟರೆ ಎಷ್ಟು ಗಂಟೆಯೊಳಗೆ ಯಾರು ಎತ್ತಿಸಬೇಕು, ಬೇಸಿಗೆಯಲ್ಲಿ ಮೂಲ ಇಳಿದರೆ ಕಡಿತ ಯಾವ ಲೆಕ್ಕದಲ್ಲಿ. ಜಗಳ ಏಳುವುದು ಬಹುಪಾಲು ಈ ನಾಲ್ಕನೆಯದರಲ್ಲೇ. ಮನೆ ಲೆಕ್ಕದಲ್ಲಿ ಕಡಿತವೋ, ಜನಸಂಖ್ಯೆ ಲೆಕ್ಕದಲ್ಲೋ ಎಂದು ಮಳೆಗಾಲದಲ್ಲೇ ಬರೆದುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ಕೂತರೆ ಯಾರೂ ಒಪ್ಪುವುದಿಲ್ಲ.

ಪ್ರಶ್ನೆ: ಒಂದಿಡೀ ತಾಲ್ಲೂಕಿಗೆ ಅನ್ವಯವಾಗುವಂತೆ, ಸಾಲ ಎತ್ತುವ, ಬಾಕಿ ವಸೂಲಿ ಮಾಡುವ ಅಧಿಕಾರವಿರುವ ಮಂಡಳಿಯೇ ಬೇಕು ಎಂದುಕೊಳ್ಳಿ. ಕಾಯ್ದೆಯ ದಾರಿ ಹೇಗೆ? ಕರಡಿನಲ್ಲಿ ಏನಿರಬೇಕು?
– ಚಿತ್ರದುರ್ಗದ ಕಾನೂನು ವಿದ್ಯಾರ್ಥಿಗಳು

ಉತ್ತರ: ಒಳ್ಳೆಯ ಪ್ರಶ್ನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮಂಡಳಿಗೆ ಕಾಯ್ದೆ ಅನಿವಾರ್ಯವಾಗುವುದು ಅದಕ್ಕೆ ಒತ್ತಾಯದ ಅಧಿಕಾರ ಬೇಕಾದಾಗ. ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕುವಂತಿಲ್ಲ, ಸಂವಿಧಾನದ 265ನೇ ಅನುಚ್ಛೇದ ಹೇಳುವುದು ಇದನ್ನೇ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವುದು, ಖಾಸಗಿ ಹೊಲದಲ್ಲಿ ಪೈಪು ಹಾಯಿಸುವುದು, ಮಂಡಳಿಯ ಹೆಸರಿನಲ್ಲೇ ಸಾಲ ಎತ್ತುವುದು ಇವೆಲ್ಲಕ್ಕೂ ಶಾಸನದ ಬಲ ಬೇಕು. ಬರೀ ಸಂಘ ನೋಂದಣಿಯಿಂದ ಅದು ಬರುವುದಿಲ್ಲ.

ಕಾಯ್ದೆಯಲ್ಲೂ ಎರಡು ಬಗೆ. ಒಂದು ಊರಿಗೆಂದೇ ಕಾಯ್ದೆ ಮಾಡುವುದು ಒಂದು ಬಗೆ. ಇಡೀ ರಾಜ್ಯಕ್ಕೆ ಸಾಮಾನ್ಯ ಕಾಯ್ದೆ ಮಾಡಿ, ಬೇಕಾದ ಕಡೆ ಅಧಿಸೂಚನೆಯ ಮೂಲಕ ಮಂಡಳಿ ಸ್ಥಾಪಿಸುವುದು ಇನ್ನೊಂದು. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಜನ ದೂಡಾ ಎನ್ನುವ ಸಂಸ್ಥೆ, ಎರಡನೇ ಬಗೆಯದು. ಅದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯೇ ಆಧಾರ. ನೀರಿಗೂ ಇದೇ ದಾರಿ ಲೇಸು. ಹಳ್ಳಿಗಳ ಹೆಸರನ್ನು ಕಾಯ್ದೆಯ ಮೈಯಲ್ಲೇ ಬರೆದುಬಿಟ್ಟರೆ ನಾಳೆ ಒಂದು ಹಟ್ಟಿಯನ್ನು ಸೇರಿಸಬೇಕೆಂದರೂ ತಿದ್ದುಪಡಿ ಮಸೂದೆ ಬೇಕಾಗುತ್ತದೆ. ಅಧಿಸೂಚನೆಯಲ್ಲಿದ್ದರೆ ಸರ್ಕಾರವೇ ಬದಲಿಸಬಹುದು.

ನಿಮ್ಮ ಊರಿನಲ್ಲೇ ಇನ್ನೊಂದು ಉದಾಹರಣೆ ಇದೆ. 1994ರ ಕಾಯ್ದೆಯಿಂದ ಹುಟ್ಟಿದ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿಯ ಕೇಂದ್ರ ಕಚೇರಿ ಚಿತ್ರದುರ್ಗದಲ್ಲಿದೆ. ಆ ಕಾಯ್ದೆಯನ್ನು ತೆಗೆದು ಓದಿ. ಶಾಸನದಿಂದ ಹುಟ್ಟಿದ್ದರೂ ಮಂಡಳಿಯ ಮುಖ್ಯ ಆಧಾರ ಸರ್ಕಾರದ ಅನುದಾನವೇ. ಬಜೆಟ್ಟಿನಲ್ಲಿ ಎಷ್ಟು ಸಿಕ್ಕಿತೋ ಅಷ್ಟಕ್ಕೆ ಕಾಮಗಾರಿ. ರಸ್ತೆ, ಸಮುದಾಯ ಭವನಕ್ಕೆ ಅದು ಸಾಕಾಗಬಹುದು. ದಿನವೂ ಮೋಟಾರ್ ಓಡಿಸಬೇಕಾದ ನೀರಿನ ಮಂಡಳಿ ಹಾಗೆ ನಡೆಯದು. ಆದ್ದರಿಂದ ಕರಡಿನಲ್ಲಿ ನಾವು ಮೊದಲು ಹುಡುಕುವುದು ಆದಾಯದ ಪ್ರಕರಣವನ್ನು: ದರ ನಿಗದಿ ಯಾರದು, ಎಷ್ಟು ವರ್ಷಕ್ಕೊಮ್ಮೆ ಪರಿಷ್ಕರಣೆ, ಬಾಕಿಗೆ ಬಡ್ಡಿ ಎಷ್ಟು, ನಲ್ಲಿ ಕತ್ತರಿಸುವ ಮುನ್ನ ಎಷ್ಟು ದಿನದ ನೋಟಿಸ್.

ಉಳಿದ ಪ್ರಕರಣಗಳಲ್ಲಿ ಇವು ಇರಲೇಬೇಕು. ಮಂಡಳಿ ಶಾಶ್ವತ ಉತ್ತರಾಧಿಕಾರ ಮತ್ತು ಸಾಮಾನ್ಯ ಮೊಹರುಳ್ಳ ನಿಗಮಿತ ನಿಕಾಯ ಎಂಬ ಮಾತು. ಇದಿಲ್ಲದಿದ್ದರೆ ಆಸ್ತಿ ಹೊಂದಲು, ದಾವೆ ಹೂಡಲು ಆಗದು. ಸದಸ್ಯರ ಆಯ್ಕೆ, ಅವಧಿ, ಕೋರಂ. ಈಗಿರುವ ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕ್, ಪೈಪ್‌ಲೈನ್ ಹಾಗೂ ಅವುಗಳ ಮೇಲಿನ ಸಾಲ ಮತ್ತು ಕರೆಂಟ್ ಬಾಕಿಯ ವರ್ಗಾವಣೆ. ಈಗ ಕೆಲಸ ಮಾಡುತ್ತಿರುವ ನೀರಗಂಟಿಗಳ ಸೇವೆ ಮುಂದುವರಿಕೆ. ಲೆಕ್ಕಪರಿಶೋಧನೆ. ಗ್ರಾಮ ಪಂಚಾಯಿತಿಯ ಅಧಿಕಾರ ಎಲ್ಲಿಗೆ ಮುಗಿದು ಮಂಡಳಿಯದು ಎಲ್ಲಿಂದ ಶುರು ಎಂಬ ಗೆರೆ. ಈ ಕೊನೆಯದನ್ನು ಜಾಗ್ರತೆಯಿಂದ ಬರೆಯಿರಿ. ಊರಿನ ಟ್ಯಾಂಕಿನವರೆಗೆ ಸಗಟು ನೀರು ಮುಟ್ಟಿಸುವುದು ಮಂಡಳಿಗಿರಲಿ, ಟ್ಯಾಂಕಿನಿಂದ ಮನೆ ನಲ್ಲಿಗೆ ಹಂಚುವುದು ಪಂಚಾಯಿತಿಯಲ್ಲೇ ಉಳಿಯಲಿ. ಪಂಚಾಯಿತಿಯ ಕೈಯಿಂದ ನೀರನ್ನೇ ಕಿತ್ತುಕೊಳ್ಳುವ ಕರಡು ಗ್ರಾಮಸಭೆಯಲ್ಲೇ ಬೀಳುತ್ತದೆ. ಬೀಳಬೇಕಾದದ್ದೇ ನ್ಯಾಯ.

ಇನ್ನು ಕಡತದ ಪಯಣ. ಗ್ರಾಮಸಭೆ ಮತ್ತು ಪಂಚಾಯಿತಿಗಳ ಠರಾವು, ನಕ್ಷೆ, ಆಸ್ತಿ ಪಟ್ಟಿ, ಐದು ವರ್ಷದ ಖರ್ಚು–ವೆಚ್ಚದ ಅಂದಾಜು ಇಷ್ಟನ್ನು ಜಿಲ್ಲಾ ಪಂಚಾಯಿತಿ ಸಿಇಒ ಮೂಲಕ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕಳಿಸಬೇಕು. ಇಲಾಖೆ ಒಪ್ಪಿದರೆ ಆರ್ಥಿಕ ಇಲಾಖೆಯ ಅಭಿಪ್ರಾಯ, ಕಾನೂನು ಇಲಾಖೆಯ ಪರಿಶೀಲನೆ, ಶಾಸನ ರಚನೆ ಇಲಾಖೆಯಲ್ಲಿ ಕರಡು, ಆಮೇಲೆ ಸಚಿವ ಸಂಪುಟ. ಹೆಚ್ಚಿನ ಪ್ರಸ್ತಾವಗಳು ಆರ್ಥಿಕ ಇಲಾಖೆಯಲ್ಲೇ ಕೂತುಬಿಡುತ್ತವೆ. ಹೊಸ ಹುದ್ದೆಗಳ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡು ಹೋಗಿ.

ಸದನದಲ್ಲಿ ಮಸೂದೆಯ ಜೊತೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಆರ್ಥಿಕ ಜ್ಞಾಪನ, ನಿಯಮ ಮಾಡುವ ಅಧಿಕಾರ ಕೊಡುತ್ತಿದ್ದರೆ ಅದರ ಜ್ಞಾಪನ ಇರುತ್ತವೆ. ಸೇವೆಗೆ ಶುಲ್ಕ, ಸ್ಥಳೀಯ ಸಂಸ್ಥೆಯ ತೆರಿಗೆ ಇವೆ ಎಂಬ ಕಾರಣಕ್ಕೇ ಅದು ಹಣಕಾಸು ಮಸೂದೆ (ಮನಿ ಬಿಲ್) ಆಗುವುದಿಲ್ಲ. 199ನೇ ಅನುಚ್ಛೇದದ ಎರಡನೇ ಉಪಖಂಡ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ರಾಜ್ಯದ ಸಂಚಿತ ನಿಧಿಯಿಂದ ಖರ್ಚು ಬೀಳುವುದಾದರೆ 207(3)ರಂತೆ ರಾಜ್ಯಪಾಲರ ಶಿಫಾರಸು ಇಲ್ಲದೆ ಸದನ ಅದನ್ನು ಅಂಗೀಕರಿಸುವಂತಿಲ್ಲ. ನಿಮ್ಮ ಶಾಸಕರು ಖಾಸಗಿ ಮಸೂದೆ ತಂದರೂ ಈ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ವಿಧಾನಸಭೆಯಲ್ಲಿ ಪರ್ಯಾಲೋಚನೆ, ಖಂಡವಾರು ಚರ್ಚೆ, ಅಂಗೀಕಾರ. ನಂತರ ವಿಧಾನ ಪರಿಷತ್ತು. ಪರಿಷತ್ತು ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿದ ಮೇಲೆ ಒಂದು ತಿಂಗಳು ತಡೆಯಬಹುದು, ಅದಕ್ಕಿಂತ ಹೆಚ್ಚಿಲ್ಲ. ರಾಜ್ಯಪಾಲರ ಅಂಕಿತವಾದ ಮೇಲೆ ರಾಜ್ಯಪತ್ರದಲ್ಲಿ ಪ್ರಕಟಣೆ.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಹಾರ ಹಾಕಿಸಿಕೊಳ್ಳಬೇಡಿ. ಅನೇಕ ಕಾಯ್ದೆಗಳ ಮೊದಲ ಪ್ರಕರಣದಲ್ಲೇ ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ ಜಾರಿಗೆ ಬರತಕ್ಕದ್ದು’ ಎಂದಿರುತ್ತದೆ. ಆ ಅಧಿಸೂಚನೆ ಬರಬೇಕು, ನಿಯಮಗಳು ಆಗಬೇಕು, ಮಂಡಳಿ ರಚನೆಯಾಗಬೇಕು. ಇವು ಮೂರೂ ಆಗುವವರೆಗೆ ಕಾಯ್ದೆ ಪುಸ್ತಕದಲ್ಲೇ ಇರುತ್ತದೆ. ಕರಡಿನಲ್ಲೇ ‘ಪ್ರಕಟವಾದ ದಿನದಿಂದ ಆರು ತಿಂಗಳೊಳಗೆ’ ಎಂದು ಮಿತಿ ಹಾಕಿಸಲು ಪ್ರಯತ್ನಿಸಿ.

ಪ್ರಶ್ನೆ: ಮನೆಯೊಂದಕ್ಕೆ ತಿಂಗಳಿಗೆ ಎಷ್ಟು ದರ ಇಟ್ಟರೆ ನೀರಿನ ವ್ಯವಸ್ಥೆ ತನ್ನ ಕಾಲ ಮೇಲೆ ನಿಲ್ಲುತ್ತದೆ?
– ಹೊಳಲ್ಕೆರೆಯ ಪಂಚಾಯಿತಿ ಸದಸ್ಯೆ

ಉತ್ತರ: ಲೆಕ್ಕ ಮಾಡಿಯೇ ತೋರಿಸುತ್ತೇವೆ. ಬೆಲೆಗಳು ನಾವು ಹಿಡಿದುಕೊಂಡವು, ನಿಮ್ಮೂರಿನವನ್ನು ಹಾಕಿ ನೋಡಿ.

1,800 ಮನೆ, 8,100 ಜನ. ಜಲಜೀವನ್ ಮಿಷನ್ನಿನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ 4,45,500 ಲೀಟರ್. ದಾರಿಯಲ್ಲಿ ಶೇ 15 ಸೋರಿಕೆ ಸೇರಿಸಿದರೆ ಎತ್ತಬೇಕಾದದ್ದು ಸುಮಾರು 5,24,000 ಲೀಟರ್. 60 ಮೀಟರ್ ಎತ್ತರಕ್ಕೆ, ಪಂಪು–ಮೋಟಾರ್ ಸೇರಿ ಶೇ 55 ದಕ್ಷತೆಯಲ್ಲಿ ಎತ್ತಲು ದಿನಕ್ಕೆ 156 ಯೂನಿಟ್, ತಿಂಗಳಿಗೆ 4,700ರ ಆಸುಪಾಸು. 16 ಗಂಟೆ ಓಡಿಸುವುದಾದರೆ 15 ಎಚ್‌ಪಿ ಮೋಟಾರ್ ಒಂದು, ಕಾಯ್ದಿರಿಸಿದ್ದು ಇನ್ನೊಂದು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಕರೆಂಟಿಗೆ 28,000. ಐವರು ನೀರಗಂಟಿಗಳಿಗೆ ತಲಾ 15,000ದಂತೆ 75,000. ಲೆಕ್ಕ ಬರೆಯುವವರಿಗೆ 12,000. ರಿಪೇರಿ 30,000. ಮೋಟಾರ್, ಪೈಪು ಬದಲಿಸುವ ನಿಧಿಗೆ 25,000. ಬ್ಲೀಚಿಂಗ್ ಪೌಡರಿಗೆ 4,000. ಒಟ್ಟು 1,74,000.

ಮನೆಗೆ 97 ರೂಪಾಯಿ ಬಂತು. ಆದರೆ ಇದು ಎಲ್ಲರೂ ಕಟ್ಟಿದಾಗಿನ ಲೆಕ್ಕ. ನೂರಕ್ಕೆ ಎಪ್ಪತ್ತು ಮನೆ ಮಾತ್ರ ಕಟ್ಟಿದರೆ ಕಟ್ಟುವವರ ಮೇಲೆ 138 ಬೀಳುತ್ತದೆ. ಆಗ ಅವರಲ್ಲೂ ಕೆಲವರು ನಿಲ್ಲಿಸುತ್ತಾರೆ, ದರ ಇನ್ನೂ ಏರಬೇಕಾಗುತ್ತದೆ. ಆದ್ದರಿಂದ ದರ ಏರಿಸುವ ಮಾತಿಗೆ ಮುಂಚೆ ಡಿಸಿಬಿ ತಃಖ್ತೆ, ಅಂದರೆ ಬೇಡಿಕೆ–ವಸೂಲಿ–ಬಾಕಿ ಪಟ್ಟಿ, ತೆಗೆದು ಬಾಕಿದಾರರ ಪಟ್ಟಿ ನೋಡಿ. ದೊಡ್ಡ ಬಾಕಿ ಬಡವರ ಮನೆಯದೇ ಆಗಿರಬೇಕೆಂದಿಲ್ಲ. ಅಂಗಡಿ, ಹೋಟೆಲ್, ಕಲ್ಯಾಣ ಮಂಟಪಗಳು ಮನೆಯ ದರದಲ್ಲೇ ನೀರು ಪಡೆಯುತ್ತಿವೆಯೇ ಎಂಬುದನ್ನೂ ನೋಡಿ.

ಇನ್ನೊಂದು ಎಚ್ಚರಿಕೆ. ನೀರು ನಿಮ್ಮ ಕೊಳವೆಬಾವಿಯದಲ್ಲ, ಶಾಂತಿಸಾಗರದಿಂದಲೋ ವಾಣಿವಿಲಾಸ ಸಾಗರದಿಂದಲೋ ಬರುವ ಬಹುಗ್ರಾಮ ಯೋಜನೆಯದು ಎಂದರೆ ಸಗಟು ದರ ಬೇರೆ. ಸಾವಿರ ಲೀಟರಿಗೆ 10 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 1,57,000 ಆಗುತ್ತದೆ, ಅಂದರೆ ಮನೆಗೆ ಇನ್ನೂ 87 ರೂಪಾಯಿ. ಸಗಟು ದರ ಗೊತ್ತಿಲ್ಲದೆ ಮನೆ ದರ ನಿಗದಿ ಮಾಡಬೇಡಿ.

ಬ್ಲೀಚಿಂಗ್ ಪೌಡರ್ ಬಗ್ಗೆ ಒಂದು ಮಾತು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಲೆಕ್ಕದಲ್ಲಿ ಈ ನೀರಿಗೆ ಶೇ 33 ಸತ್ವದ ಪುಡಿ ದಿನಕ್ಕೆ 3.2 ಕೆಜಿ ಬೇಕು. ಚೀಲ ಬಿಚ್ಚಿಟ್ಟು ತೇವ ಕುಡಿದ ಪುಡಿಯ ಸತ್ವ ಶೇ 25ಕ್ಕಿಳಿದಿದ್ದರೆ 4.2 ಕೆಜಿ. ಹಾಕಿದ್ದು ಸಾಕೇ ಎಂದು ತಿಳಿಯುವುದು ಟ್ಯಾಂಕಿನ ಹತ್ತಿರವಲ್ಲ, ಊರ ಕೊನೆಯ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಸಿಗಬೇಕು. ಕ್ಲೋರಿನ್ ಹಾಕಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಮೂಲವನ್ನು ಕುಡಿಯಲು ಬಳಸಬೇಡಿ, ಬೇರೆ ಮೂಲ ಹುಡುಕಿ.

ಪ್ರಶ್ನೆ: ಕರೆಂಟಿಗೂ ಇಂಥ ಸ್ಥಳೀಯ ಮಂಡಳಿ ಸಾಧ್ಯವೇ?
– ಚಳ್ಳಕೆರೆಯ ಓದುಗರು

ಉತ್ತರ: ವಿದ್ಯುತ್ ಸಮವರ್ತಿ ಪಟ್ಟಿಯ ವಿಷಯ, 2003ರ ಕೇಂದ್ರ ವಿದ್ಯುತ್ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ವಿತರಣೆಗೆ ಸಾಮಾನ್ಯವಾಗಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಪರವಾನಗಿ ಬೇಕು. ನಮ್ಮ ರಾಜ್ಯದಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ಇದೆ. ಅದರ ಹಾದಿಯಲ್ಲಿ ಇಂದು ಹೊಸದಾಗಿ ಹೊರಡುವುದು ಬಹಳ ಕಷ್ಟ. ಬೆಸ್ಕಾಂ ಇರುವ ಜಾಗದಲ್ಲೇ ಎರಡನೇ ಪರವಾನಗಿ ಕೇಳುವವರಿಗೆ ಕೇಂದ್ರದ ನಿಯಮಗಳು ಬಂಡವಾಳದ ಮತ್ತು ಕನಿಷ್ಠ ವ್ಯಾಪ್ತಿಯ ಷರತ್ತು ಹಾಕಿವೆ. ಕೆಲವು ಹಳ್ಳಿಗಳಿಗೆಂದು ಸಿಗುವುದಿಲ್ಲ. ಕಂಪನಿಯ ಫ್ರಾಂಚೈಸಿಯಾಗಿ ಬಿಲ್ ವಿತರಣೆ, ವಸೂಲಿ ನಡೆಸಲು ಪ್ರತ್ಯೇಕ ಪರವಾನಗಿ ಬೇಡ. ಸಂಘ ಸಂಸ್ಥೆಗಳು ಯೋಚಿಸಬಹುದಾದದ್ದು ಅಷ್ಟೇ.

ಪ್ರಶ್ನೆ: ಭದ್ರಾ ನಾಲೆಯ ಕೊನೆ ಭಾಗದ ರೈತರು ನಾವು. ನೀರು ಬಳಕೆದಾರರ ಸಹಕಾರ ಸಂಘ ಮಾಡಿಕೊಂಡರೆ ನೀರು ಬಂದೀತೇ?
– ದಾವಣಗೆರೆ ತಾಲ್ಲೂಕಿನ ರೈತರು

ಉತ್ತರ: ಹಳ್ಳಿಯವರ ಕೈಗೆ ಕಾನೂನಿನ ಅಧಿಕಾರ ಕೊಟ್ಟ ಏರ್ಪಾಡುಗಳಲ್ಲಿ ಇದೂ ಒಂದು. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ಈ ಸಂಘಗಳಿಗೆ ಜಾಗ ಮಾಡಲಾಯಿತು. ನೋಂದಣಿ 1959ರ ಸಹಕಾರ ಸಂಘಗಳ ಕಾಯ್ದೆಯಡಿ. ಸಂಘದ ಗಡಿಯನ್ನು ನೀರಿನ ಹರಿವು ನೋಡಿ ಗುರುತಿಸಬೇಕು, ಪಂಚಾಯಿತಿ ಗಡಿ ನೋಡಿ ಅಲ್ಲ. ಒಂದು ಉಪಕಾಲುವೆಯ ಅಚ್ಚುಕಟ್ಟು ಒಂದು ಸಂಘ. ಸಂಘ ಇಲಾಖೆಯಿಂದ ಸಗಟಾಗಿ ನೀರು ಪಡೆದು ಸದಸ್ಯರಿಗೆ ಹಂಚುತ್ತದೆ, ಕರ ವಸೂಲಿ ಮಾಡುತ್ತದೆ.

ಶುರುವಿನಲ್ಲೇ ಎಡವುವುದು ಸದಸ್ಯರ ಪಟ್ಟಿಯಲ್ಲಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಉಳುವ ಮೊಮ್ಮಗ ಸದಸ್ಯನಾಗಲು ತೊಡಕು. ಪೌತಿ ಖಾತೆ ಮೊದಲು ಮಾಡಿಸಿ. ಆಮೇಲೆ ನಾಲೆಯನ್ನು ಇಲಾಖೆಯ ಎಂಜಿನಿಯರ್ ಜೊತೆ ತಲೆಯಿಂದ ಬುಡದವರೆಗೆ ನಡೆದು ನೋಡಿ: ಒಡೆದ ಲೈನಿಂಗ್, ಗೇಟಿಲ್ಲದ ತೂಬು, ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪು, ಹೂಳು. ಎಲ್ಲವನ್ನೂ ಸರಪಳಿ ಅಳತೆಯೊಂದಿಗೆ (ನಾಲೆಯ ತಲೆಯಿಂದ ಎಷ್ಟು ದೂರ ಎಂಬ ಲೆಕ್ಕ) ಬರೆದು ಇಬ್ಬರೂ ಸಹಿ ಹಾಕಿ. ಈ ಜಂಟಿ ಪಟ್ಟಿ ಇಲ್ಲದೆ ನಾಲೆಯನ್ನು ವಹಿಸಿಕೊಂಡ ಸಂಘ ಇಲಾಖೆ ಮಾಡಬೇಕಿದ್ದ ರಿಪೇರಿಯನ್ನೂ ತನ್ನ ತಲೆ ಮೇಲೆ ಹೊತ್ತುಕೊಳ್ಳುತ್ತದೆ.

ನೀರಿನ ಲೆಕ್ಕ ಹೀಗೆ. ಒಂದು ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು) 24 ಗಂಟೆ ಹರಿದರೆ ಎರಡು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು, ಎಂದರೆ ಭತ್ತದ ಗದ್ದೆಗೆ ಎರಡಿಂಚಿನಂತೆ 12 ಎಕರೆ. 500 ಹೆಕ್ಟೇರಿನ ಸಂಘಕ್ಕೆ, ಅಂದರೆ 1,235 ಎಕರೆಗೆ, ಹತ್ತು ದಿನದ ಸರದಿಯಲ್ಲಿ ಹೊಲ ಮುಟ್ಟಬೇಕಾದದ್ದು 10 ಕ್ಯುಸೆಕ್ಕಿಗೂ ಸ್ವಲ್ಪ ಹೆಚ್ಚು. ದಾರಿಯಲ್ಲಿ ಶೇ 30 ಇಂಗಿಹೋಗುತ್ತದೆ ಎಂದರೆ ನಿಮ್ಮ ತೂಬಿನ ಬಾಯಲ್ಲಿ 15 ಕ್ಯುಸೆಕ್ ಬೇಕು. ‘ನೀರು ಬರಲಿಲ್ಲ’ ಎಂದರೆ ನೀರಾವರಿ ಸಲಹಾ ಸಮಿತಿಯಲ್ಲಿ ಯಾರೂ ಕಿವಿಗೊಡುವುದಿಲ್ಲ. ‘15ರ ಬದಲು ನಾಲ್ಕು ದಿನ 6 ಕ್ಯುಸೆಕ್ ಬಂತು’ ಎಂದು ದಿನಾಂಕದೊಂದಿಗೆ ಹೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಸಂಘ ಆದ ಮಾತ್ರಕ್ಕೆ ಮೇಲ್ಭಾಗದವರು ಅಡಿಕೆ, ಭತ್ತಕ್ಕೆ ಎತ್ತುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ವಿತರಣಾ ನಾಲೆಯ ಮಟ್ಟದ ಒಕ್ಕೂಟ ಬೇಕು, ಮೇಲಿನ ಮತ್ತು ಕೆಳಗಿನ ಸಂಘಗಳು ಒಂದೇ ಮೇಜಿನಲ್ಲಿ ಕೂರಬೇಕು. ಕಾಯ್ದೆಯಲ್ಲಿ ಅದಕ್ಕೂ ಅವಕಾಶ ಇದೆ. ಅಲ್ಲಿಯವರೆಗೆ ನಿಮ್ಮ ತೂಬಿನ ಬಾಯಲ್ಲಿ ಇಲಾಖೆಯಿಂದ ಗೇಜ್ ಹಾಕಿಸಿ, ನೀರು ಬಿಟ್ಟ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಮಟ್ಟ ಬರೆದು ಸೌಡಿಯ (ನಾಲೆಗೆ ನೀರು ಬಿಡುವ ಸಿಬ್ಬಂದಿಯ) ಸಹಿ ತೆಗೆದುಕೊಳ್ಳಿ. ಒಂದು ಹಂಗಾಮಿನ ಪುಸ್ತಕ ಪೂರ್ತಿಯಾದ ಮೇಲೆ ಅದರ ಪ್ರತಿಯನ್ನು ಕಾರ್ಯಪಾಲಕ ಎಂಜಿನಿಯರ್‌ಗೂ ಶಿವಮೊಗ್ಗದ ಭದ್ರಾ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.